ಗಟ್ಟಿ ದಿಂಬಿನ ಮಹಾನುಭಾವ

"ಇವತ್ತಿನಿಂದ ಈ ಅಂಗಡೀಲಿ ಅಂದಾಜು ಅನ್ನೋ ಮಾತೇ ಇರಕೂಡದು!"

ಹಾಸಿಗೆ ದಿಂಬಿನ ಅಂಗಡಿಯ ಯಜಮಾನರು ಹೀಗೆಂದು ಘೋಷಿಸಿದಾಗ ಅವರ ಒಂದು ಕೈಯಲ್ಲಿ ಕಾಫಿ ಲೋಟವಿತ್ತು, ಇನ್ನೊಂದು ಕೈಯಲ್ಲಿ ಮೊಬೈಲು. ಗಲ್ಲಾದ ಹಿಂದಿನ ತಿರುಗುವ ಕುರ್ಚಿಯಲ್ಲಿ ಗತ್ತಿನಿಂದ ಒಂದು ಸುತ್ತು ತಿರುಗಿ, ಹೆಂಡತಿಯ ಮುಖ ಎದುರಿಗೆ ಬಂದಾಗ ಕಾಲೂರಿ ನಿಲ್ಲಿಸಿದರು. ಹೆಂಡತಿ ಬಾಗಿಲ ಬಳಿ ಕೂತು ದಿಂಬಿನ ಗವಸಿಗೆ ಗುಂಡಿ ಹೊಲಿಯುತ್ತಿದ್ದಳು. ಆಕೆ ತಲೆ ಎತ್ತಲಿಲ್ಲ.

"ಹಾಗಾದ್ರೆ ಇನ್ಮೇಲೆ ನೀವು ಏನು ಮಾತಾಡ್ತೀರಿ?" ಎಂದಳು.

ಇಂಥ ಕುಹಕಕ್ಕೆಲ್ಲ ಕುಗ್ಗುವ ಆಸಾಮಿ ಅಲ್ಲ ನಮ್ಮ ಯಜಮಾನರು. ಹಿಂದಿನ ದಿನವಷ್ಟೇ ಅವರ ಭಾವಮೈದ ಬಂದು ಹೋಗಿದ್ದ. ಆತ ವಿಮೆ ಏಜೆಂಟು. ಅವನ ಬಾಯಿಂದ ಬಂದದ್ದೆಲ್ಲ ಯಜಮಾನರಿಗೆ ವೇದವಾಕ್ಯ, ಅವನ ಸ್ವಂತ ಅಕ್ಕನಿಗೆ ಮಾತ್ರ ತಲೆನೋವು. "ಭಾವ, ಅಂಗಡಿ ಹೆಸರಲ್ಲಿ ಪೇಜ್ ಮಾಡಿ ದಿನಾ ದಿಂಬು ಹಿಡ್ಕೊಂಡು ಮಾತಾಡಿ ವಿಡಿಯೊ ಹಾಕ್ತೀರಿ. ಅದನ್ನ ಯಾರು ನೋಡ್ತಾರೆ, ಎಷ್ಟೊತ್ತಿಗೆ ನೋಡ್ತಾರೆ, ನೋಡಿ ಏನಂದ್ಕೋತಾರೆ, ನಿಮಗೆ ಗೊತ್ತಾ? ಅದಕ್ಕೆ ಅನಲಿಟಿಕ್ಸ್ ಟೂಲ್ ಅಂತ ಇದೆ. ಈಗಿನ ಕಾಲದಲ್ಲಿ ಗಿರಾಕಿಯನ್ನ ಕಣ್ಣಲ್ಲಿ ನೋಡಬಾರದು, ಡೇಟಾದಲ್ಲಿ ನೋಡಬೇಕು" ಎಂದು ಉಪದೇಶಿಸಿ, ತಿಂಡಿ ತಿಂದು, ಕೈ ತೊಳೆದು ಹೋಗಿದ್ದ. ವ್ಯಾಪಾರವೋ, ಕೆಲವು ತಿಂಗಳಿಂದ ಕುಂಟುತ್ತಿತ್ತು. ಯಜಮಾನರಿಗೆ ಆ ರಾತ್ರಿ ತಮ್ಮದೇ ದಿಂಬಿನ ಮೇಲೆ ತಲೆ ನಿಲ್ಲಲಿಲ್ಲ.

"ಸರಿ ರೀ," ಎಂದಳು ಹೆಂಡತಿ ದಾರ ಕಚ್ಚಿ ಕತ್ತರಿಸುತ್ತ. "ಈ ತಿಂಗಳು ಮುಗಿಯೋವರೆಗೂ ನಾನು ಬಾಯಿ ಹಾಕಲ್ಲ. ನಿಮ್ಮ ಟೂಲ್ ಹೇಳಿದ ಹಾಗೇ ಅಂಗಡಿ ನಡೆಸಿ. ವ್ಯಾಪಾರ ಕುದುರಿದ್ರೆ ಸಂತೋಷ. ಕುದುರಲಿಲ್ಲ ಅಂದ್ರೆ ಆ ಕುರ್ಚೀಲಿ ನಾನು ಕೂರ್ತೀನಿ. ನೀವು ಹಿಂದಿನ ಕೋಣೇಲಿ ಹತ್ತಿ ಹಿಂಜೋಕೆ ಕೂತ್ಕೊಳ್ಳಿ."

"ಸೈ!" ಎಂದರು ಯಜಮಾನರು. ಬಾಯಿ ಸೈ ಎಂದಿತಾದರೂ ಕೈಗಳು ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡವು. ಆ ಕುರ್ಚಿ ಎಂದರೆ ಅವರಿಗೆ ಪಂಚಪ್ರಾಣ. ಅದರಲ್ಲಿ ಕೂತರೆ ಇಡೀ ಬೀದಿ ಕಾಣುತ್ತಿತ್ತು, ಬೀದಿಗೂ ಅವರು ಕಾಣುತ್ತಿದ್ದರು. ಹಿಂದಿನ ಕೋಣೆಯಲ್ಲಿ ಕೂತರೆ ಕಾಣುವುದು ಗೋಡೆ, ಮೂಗಿಗೆ ನುಗ್ಗುವುದು ಹತ್ತಿಯ ಧೂಳು. ಗಿರಾಕಿಗಳ ಎದುರು ಸೀನುತ್ತ ಈಚೆ ಬರಬೇಕಾದ ಗತಿಯನ್ನು ನೆನೆದು ಅವರು ಈಗಲೇ ಒಮ್ಮೆ ಮೂಗು ಒರೆಸಿಕೊಂಡರು.

ಟೂಲು ಆರಿಸುವುದೇನು ಸುಲಭವೇ? ದಿಂಬು ಕೊಳ್ಳುವವರು ಕೈಯಿಂದ ಒತ್ತಿ ನೋಡುತ್ತಾರೆ, ಕೆನ್ನೆಗೆ ಆನಿಸಿ ನೋಡುತ್ತಾರೆ, ಕೆಲವರು ಮೂಸಿಯೂ ನೋಡುತ್ತಾರೆ. ಇದನ್ನು ಎಲ್ಲಿ ಒತ್ತುವುದು? ಯಜಮಾನರು ಸಿಕ್ಕ ಸಿಕ್ಕ ಕಡೆಗೆಲ್ಲ ಒತ್ತಿದರು. ಒತ್ತಿದಲ್ಲೆಲ್ಲ ಅದು "ಒಪ್ಪಿಗೆಯೇ?" ಎಂದು ಕೇಳಿತು. ಸಂಭಾವಿತರಾದ ಅವರು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಮೊದಲು ಸಿಕ್ಕ ಟೂಲು "ನಿಮ್ಮ ಬ್ರ್ಯಾಂಡಿನ ಮಹಾಧ್ಯೇಯವೇನು?" ಎಂದು ಪ್ರಶ್ನಿಸಿತು. "ದಿಂಬು ಮಾರುವುದು" ಎಂದು ಬರೆದರು. ಉತ್ತರ ತೀರಾ ಚಿಕ್ಕದಾಯಿತು ಎಂದಿತು. "ದಿಂಬು ಮಾರುವುದು, ಹಾಸಿಗೆ ಮಾರುವುದು, ಮತ್ತೆ ದಿಂಬು ಮಾರುವುದು" ಎಂದು ಹಿಗ್ಗಿಸಿದರು. ನಿಮ್ಮಂಥ ಬೃಹತ್ ಸಂಸ್ಥೆಗೆ ನಮ್ಮ ಪ್ರತಿನಿಧಿಯೇ ಕರೆ ಮಾಡುತ್ತಾರೆ ಎಂದಿತು. ಯಜಮಾನರು ಗಾಬರಿಬಿದ್ದು ಫೋನನ್ನೇ ಬಂದ್ ಮಾಡಿ ದಿಂಬಿನಡಿ ಇಟ್ಟರು.

ಇನ್ನೊಂದು ಟೂಲಿನಲ್ಲಿ ಪ್ರೊ, ಪ್ರೊ ಪ್ಲಸ್, ಸೂಪರ್ ಪ್ರೊ ಎಂದು ಕಂಬಸಾಲು. ಪ್ರತಿ ಕಂಬದ ಕೆಳಗೂ ಹಸಿರು ಟಿಕ್ಕು, ಕೆಂಪು ಇಂಟು. ಪ್ರೊನಲ್ಲಿ ಇಲ್ಲದ್ದು ಪ್ಲಸ್ಸಿನಲ್ಲಿತ್ತು. ಪ್ಲಸ್ಸಿನಲ್ಲಿದ್ದದ್ದು ಏನೆಂದು ಮಾತ್ರ ಯಾವುದರಲ್ಲೂ ಇರಲಿಲ್ಲ. ಕೊನೆಗೆ ಅವರು ಆರಿಸಿದ್ದು, ತಿಂಗಳ ಮಟ್ಟಿಗೆ ಪುಕ್ಕಟೆ ಸಿಗುವ ಒಂದು ಟೂಲನ್ನು. ಪುಕ್ಕಟೆಯೊಂದೇ ಕಾರಣವಲ್ಲ. ಅದರ ಮುಖಪುಟದಲ್ಲಿ ಒಬ್ಬ ಬೋಳುತಲೆಯವನು ಮೇಲಕ್ಕೇರುವ ಗೆರೆಯೊಂದನ್ನು ನೋಡಿ ಬಾಯ್ತುಂಬ ನಗುತ್ತಿದ್ದ.

"ಆ ನಗು ನೋಡೇ! ಸುಳ್ಳು ಹೇಳೋ ಮುಖಾನಾ ಅದು?"

"ಅವನು ಟೂಲ್ ಮಾರೋನು ಕಣ್ರೀ. ನೀವು ದಿಂಬು ಮಾರುವಾಗ ಅಳ್ತೀರಾ?"

ಆ ಟೂಲಿಗೆ ಕನ್ನಡವೂ ಬರುತ್ತಿತ್ತು. ಎಲ್ಲಿ ಕಲಿತಿತ್ತೋ, ದೇವರೇ ಬಲ್ಲ. ತೆರೆದ ಕೂಡಲೇ "ಸ್ವಾಗತ, ಬಳಕೆದಾರನೇ! ನಿನ್ನ ಒಳನೋಟಗಳು ಬೇಯುತ್ತಿವೆ, ತಾಳ್ಮೆಯಿಂದಿರು" ಎಂದಿತು. ಹೆಂಡತಿಯ ಸೂಜಿ ನಿಂತಿತು. "ಏನ್ರೀ ಇದು, ಏಕವಚನ!" ಎಂದಳು. "ಸಲುಗೆ ಕಣೇ" ಎಂದು ಯಜಮಾನರು ಸಮರ್ಥಿಸಿಕೊಂಡರು.

ಬೆಂದ ಒಳನೋಟಗಳು ಬಂದವು. ಯಜಮಾನರಿಗೆ ತಲೆಬುಡ ಅರ್ಥವಾಗಲಿಲ್ಲ. ರೀಚ್ ನಲವತ್ತು ಎಂದಿತ್ತು, ಇಂಪ್ರೆಷನ್ ನಾನೂರು ಎಂದಿತ್ತು. ಭಾವಮೈದನಿಗೆ ಫೋನ್ ಹಚ್ಚಿದರು.

"ನಲವತ್ತು ಜನ ಸೇರಿ ನಾನೂರು ಸಲ ನೋಡಿದ್ದಾರೆ ಭಾವ."

"ಅಂದ್ರೆ ಒಬ್ಬೊಬ್ಬರು ಹತ್ತತ್ತು ಸಲ!"

"ಹಾಗಲ್ಲ. ಎಲ್ಲರೂ ಒಂದೊಂದು ಸಲ ನೋಡಿರ್ತಾರೆ. ಯಾರೋ ಒಬ್ಬರು ಮಾತ್ರ ಬಿಡದೆ ನೋಡಿರ್ತಾರೆ."

"ಯಾರಯ್ಯಾ ಅದು?"

"ಅದನ್ನೇ ಟೂಲ್ ಹೇಳುತ್ತೆ ಭಾವ, ತಾಳಿ" ಎಂದು ಆತ ಫೋನಿಟ್ಟ. ಯಜಮಾನರು ಕೆಳಗಿನ ಸಾಲಿಗೆ ಇಳಿದರು. ಬೌನ್ಸ್ ರೇಟ್ ವಿಪರೀತ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಬಂದವರು ಬಂದ ಹಾಗೇ ಪೇಜು ಬಿಟ್ಟು ಓಡುತ್ತಿದ್ದಾರೆ ಎಂದು ಅದರ ಅರ್ಥವಂತೆ. ಯಜಮಾನರಿಗೆ ಅದೆಲ್ಲಿ ಗೊತ್ತು? ಹಾಸಿಗೆ ಅಂಗಡಿಗೆ ಬೌನ್ಸ್ ಇಲ್ಲದೆ ಇನ್ನೇನು ಇರಬೇಕು ಎಂದು ಹಿಗ್ಗಿ, ಆ ಪುಟವನ್ನು ದೊಡ್ಡದಾಗಿ ಮುದ್ರಿಸಿ ಅಂಗಡಿಯ ಬಾಗಿಲಿಗೆ ಅಂಟಿಸಿಬಿಟ್ಟರು.

ವಾರದ ವರದಿ ಬಂತು ನೋಡಿ, ಅಲ್ಲಿಂದ ಶುರುವಾಯಿತು ನಿಜವಾದ ಫಜೀತಿ. "ಅಭಿನಂದನೆ, ಬಳಕೆದಾರನೇ! ನಿನಗೊಬ್ಬ ಪರಮನಿಷ್ಠ ವೀಕ್ಷಕ ದೊರಕಿದ್ದಾನೆ!" ಎಂದು ಆರಂಭವಾಗಿತ್ತು ವರದಿ. ವೀಕ್ಷಕ ಗಂಡಸು. ವಯಸ್ಸು ಐವತ್ತರ ಮೇಲೆ. ಇರುವುದು ಅಂಗಡಿಯ ಆಸುಪಾಸಿನಲ್ಲೇ. ಆಸಕ್ತಿ: ಮಂಡಿನೋವು, ತಲೆಗೂದಲು ಬೆಳೆಸುವ ಎಣ್ಣೆ, ಹಳೆಯ ಸ್ಕೂಟರು. ಆನ್‌ಲೈನ್ ಬರುವುದು ಮಧ್ಯಾಹ್ನದ ಊಟದ ನಂತರ. ಪ್ರತಿ ವಿಡಿಯೊವನ್ನೂ ಕೊನೆತನಕ, ಮತ್ತೆ ಮತ್ತೆ ನೋಡುತ್ತಾನೆ. ಹೆಸರೇನೆಂದು ಒತ್ತಿದರೆ ಮಾತ್ರ ಟೂಲು "ಗೋಪ್ಯ" ಎಂದು ಬಾಯಿ ಮುಚ್ಚಿಕೊಂಡಿತು.

ಯಜಮಾನರ ಕಣ್ಣಲ್ಲಿ ನೀರಾಡಿತು. ಇಷ್ಟು ವರ್ಷ ಈ ಬೀದಿಯಲ್ಲಿ ಅಂಗಡಿ ಇಟ್ಟಿದ್ದರೂ ಅವರ ಮಾತನ್ನು ಕೊನೆತನಕ ಕೇಳಿದವರು ಒಬ್ಬರೂ ಇರಲಿಲ್ಲ. ಮನೆಯಲ್ಲಂತೂ ಆ ಮಾತೇ ಬೇಡ.

"ಯಾರೋ ಮಹಾನುಭಾವ ಕಣೇ. ಇಲ್ಲೇ ಹತ್ತಿರದಲ್ಲೇ ಇದ್ದಾರೆ. ಪಾಪ, ಮಂಡಿನೋವು ಬೇರೆ. ನನ್ನ ಥರಾನೇ!"

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಕೊಟ್ಟ ಮಾತು ನೆನಪಾಗಿ ಮುಚ್ಚಿದಳು.

ಮಹಾನುಭಾವನ ಶೋಧ ಎದುರಿನ ಕ್ಷೌರದಂಗಡಿಯಿಂದಲೇ ಆರಂಭವಾಯಿತು. ಕ್ಷೌರದವನಿಗೆ ಐವತ್ತು ದಾಟಿತ್ತು, ಹಳೆಯ ಸ್ಕೂಟರೂ ಇತ್ತು. ಯಜಮಾನರು ಕುರ್ಚಿಯೇರಿ, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಕನ್ನಡಿಯಲ್ಲಿ ಅವನ ಕಣ್ಣನ್ನೇ ದಿಟ್ಟಿಸಿದರು.

"ಮಧ್ಯಾಹ್ನ ಊಟ ಆದ್ಮೇಲೆ ಏನು ಮಾಡ್ತೀರಿ?" ಎಂದು ಮೆಲ್ಲಗೆ ಕೇಳಿದರು.

"ತೂಕಡಿಸ್ತೀನಿ ಯಜಮಾನ್ರೇ."

"ತೂಕಡಿಸೋಕ್ಮುಂಚೆ? ಯಾರ್ದಾದ್ರೂ ಮುಖ ನೋಡಬೇಕು ಅನ್ಸುತ್ತಾ?"

ಕ್ಷೌರದವನ ಕತ್ತರಿ ಗಾಳಿಯಲ್ಲೇ ನಿಂತಿತು. "ಯಾರ ಮುಖ?"

"ನಾಚ್ಕೋಬೇಡಿ. ನಂಗೆಲ್ಲಾ ಗೊತ್ತು. ದಿನಾ ನನ್ನನ್ನ ಎಷ್ಟು ಸಲ ನೋಡ್ತೀರಿ? ನಿಜ ಹೇಳಿ."

"ಯಜಮಾನ್ರೇ, ಎದುರುಗಡೆ ಅಂಗಡಿ. ಬಾಗಿಲು ತೆಗೆದ್ರೆ ಕಾಣ್ತೀರಿ. ನಾನೇನು ಬೇಕೂಂತ ನೋಡ್ತೀನಾ?" ಎಂದ ಆತ ಬಿನ್ನಾಣವಿಲ್ಲದೆ. ಆತನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಕತ್ತು ನೋವಿಗೆ ಡಾಕ್ಟರು ದಿಂಬು ಬಿಡಿಸಿ ಎಷ್ಟೋ ಕಾಲವಾಗಿತ್ತು. ಯಜಮಾನರು ಪೆಚ್ಚಾಗಿ ಎದ್ದು ಬಂದರು. ಸ್ವಲ್ಪ ಹೊತ್ತಿಗೆ ಕ್ಷೌರದವನು ರಸ್ತೆ ದಾಟಿ ಬಂದು, "ಅಮ್ಮಾ, ಯಜಮಾನ್ರು ಮನೇಲಿ ಸರಿಯಾಗಿದಾರಾ?" ಎಂದು ಹೆಂಡತಿಯನ್ನು ಪಿಸುಮಾತಿನಲ್ಲಿ ವಿಚಾರಿಸಿಕೊಂಡು ಹೋದ. ಆಮೇಲೆ ಬಸ್ ನಿಲ್ದಾಣದಲ್ಲಿ ಮಂಡಿ ಹಿಡಿದುಕೊಂಡು ಕೂತವರನ್ನೆಲ್ಲ ಯಜಮಾನರು ಆಸೆಗಣ್ಣಿಂದ ನೋಡತೊಡಗಿದಾಗ ಬೀದಿಯವರು ಸ್ವಲ್ಪ ದೂರದಿಂದಲೇ ಓಡಾಡತೊಡಗಿದರು.

ಹುಡುಕಿ ಸಿಗದಿದ್ದರೇನಂತೆ, ಮೆಚ್ಚಿಸಬಹುದಲ್ಲ! ಯಜಮಾನರು ಅಂಗಡಿಯ ವೇಳೆಯನ್ನೇ ಬದಲಿಸಿದರು. ಇನ್ನು ಮೇಲೆ ಬೆಳಿಗ್ಗೆ ಬಾಗಿಲು ಬಂದ್. ಮಧ್ಯಾಹ್ನ ಊಟದ ಮೇಲೆ ತೆರೆಯುವುದು.

ಹೆಂಡತಿಗೆ ತಡೆಯಲಾಗಲಿಲ್ಲ. "ಗಿರಾಕಿ ಬರೋದೇ ಬೆಳಿಗ್ಗೆ ಅಲ್ವೇನ್ರೀ?"

"ಬರ್ತಾರೆ. ಆದ್ರೆ ಅವರಲ್ಲಿ ನಿಷ್ಠೆ ಇಲ್ಲ!"

ಈಗ ಬೆಳಗಿನ ಹೊತ್ತು ಯಜಮಾನರಿಗೆ ಕೆಲಸವಿಲ್ಲ. ಮುಚ್ಚಿದ ಅಂಗಡಿಯೊಳಗೆ ಹಾಸಿಗೆಗಳ ಅಟ್ಟಿಯ ಮೇಲೆ ಅಂಗಾತ ಮಲಗಿ, ತಮ್ಮ ಫೋನಿನಲ್ಲಿ ತಮ್ಮ ವಿಡಿಯೊಗಳನ್ನೇ ಹಚ್ಚಿಕೊಂಡು, ಮಹಾನುಭಾವರಿಗೆ ಹಿಡಿಸುವಂತಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಅಚ್ಚರಿಯೆಂದರೆ ಮುಂದಿನ ವರದಿಯಲ್ಲಿ ಮಹಾನುಭಾವ ಬೆಳಿಗ್ಗೆಯೂ ಆನ್‌ಲೈನ್ ಬರತೊಡಗಿದ್ದ!

"ನೋಡಿದ್ಯಾ? ಬಾಗಿಲು ಹಾಕಿದ್ದಕ್ಕೆ ಎಷ್ಟು ಹಂಬಲಿಸ್ತಿದ್ದಾರೆ ಪಾಪ!" ಎಂದು ಯಜಮಾನರು ಮರುಗಿದರು.

ಹೆಂಡತಿ ಗವಸಿನಿಂದ ಕಣ್ಣೆತ್ತಿ ಗಂಡನನ್ನು ನೋಡಿದಳು. ಅವರ ಕೈಯಲ್ಲಿದ್ದ ಫೋನನ್ನು ನೋಡಿದಳು. ಮತ್ತೆ ಗಂಡನನ್ನು ನೋಡಿದಳು. ಆಮೇಲೆ ಗವಸಿನೊಳಗೆ ಮುಖ ಹುದುಗಿಸಿಕೊಂಡಳು. ಆಕೆಯ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆ ಎಂದುಕೊಂಡು ಯಜಮಾನರಿಗೆ ಪಾಪ ಎನಿಸಿತು.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಮಹಾನುಭಾವ ಅತಿ ಹೆಚ್ಚು ಸಲ ನೋಡಿದ್ದು ಗಟ್ಟಿ ದಿಂಬಿನ ವಿಡಿಯೊವಂತೆ. ಯಜಮಾನರಿಗೂ ಗಟ್ಟಿ ದಿಂಬೇ ಇಷ್ಟ. ಮೆತ್ತನೆಯ ದಿಂಬು ಸೋಮಾರಿಗಳಿಗೆ ಎಂಬುದು ಅವರ ಸಿದ್ಧಾಂತ. ಈಗ ಡೇಟಾವೂ ಬೆಂಬಲಕ್ಕೆ ನಿಂತಿತು! ಗೋದಾಮಿನಲ್ಲಿದ್ದ ಹತ್ತಿಯನ್ನೆಲ್ಲ ತರಿಸಿ, ಗವಸುಗಳಿಗೆ ತುರುಕಿ ತುರುಕಿ, ಮೇಲೆ ತಾವೇ ಕೂತು ಅದುಮಿ, ಹೊಲಿಗೆ ಬಿಚ್ಚುವಷ್ಟು ಗಟ್ಟಿಯಾದ ದಿಂಬುಗಳನ್ನು ತಯಾರಿಸಿದರು. ಒಂದು ದಿಂಬು ಕಪಾಟಿನಿಂದ ಜಾರಿ ಅವರ ಕಾಲ ಮೇಲೆ ಬಿದ್ದು ಹೆಬ್ಬೆರಳು ಊದಿಕೊಂಡಿತು. ಆ ಮಧ್ಯಾಹ್ನ ಬಂದ ಒಬ್ಬಳೇ ಗಿರಾಕಿ, ಮಗುವಿಗೆ ದಿಂಬು ಬೇಕಾಗಿದ್ದ ತಾಯಿ, ದಿಂಬನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದಳು.

"ಇದು ಮಲಗೋಕಾ, ಮನೆ ಕಟ್ಟೋಕಾ?" ಎಂದು ಕೇಳಿ ಹೊರಟುಹೋದಳು.

ಈ ಮಧ್ಯೆ ಯಜಮಾನರಿಗೆ ದವಡೆಹಲ್ಲು ಕೀಳಿಸಬೇಕಾಗಿ ಬಂತು. ಕೆನ್ನೆ ಊದಿಸಿಕೊಂಡು, ಫೋನ್ ಮುಟ್ಟದೆ, ಮಂಚ ಹಿಡಿದರು. ಚೇತರಿಸಿಕೊಂಡು ವರದಿ ನೋಡುತ್ತಾರೆ, ಮಹಾನುಭಾವನೂ ಅಷ್ಟೂ ದಿನ ನಾಪತ್ತೆ!

"ಅಯ್ಯೋ, ಅವರಿಗೂ ಹುಷಾರಿಲ್ಲವೇನೋ" ಎಂದು ಚಡಪಡಿಸಿದರು. "ಯಾರು ನೋಡ್ಕೋತಾರೋ ಏನೋ. ಗಂಜಿ ಮಾಡಿ ಕೊಡೋಕೆ ಮನೇಲಿ ಹೆಂಡ್ತಿ ಇದ್ದಾಳೋ ಇಲ್ವೋ."

"ಇದ್ದಾಳೆ" ಎಂದಳು ಹೆಂಡತಿ.

"ನಿಂಗೆ ಹೇಗೆ ಗೊತ್ತು?"

"ಹಾಗಂತ ಅಂದಾಜು" ಎಂದು ಆಕೆ ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆ ಕೈಜಾರಿದ ಸದ್ದೂ, ಜೊತೆಗೆ ಇನ್ನೇನೋ ಸದ್ದೂ ಕೇಳಿಸಿತು. ಯಜಮಾನರಿಗೆ ಒಂದೂ ತಿಳಿಯಲಿಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ವ್ಯಾಪಾರದ ಗೆರೆ ಕೆಳಗಿಳಿದು, ಇನ್ನು ಇಳಿಯಲು ಜಾಗವಿಲ್ಲದೆ ನೆಲ ಹಿಡಿದು ಮಲಗಿತ್ತು. ಕುರ್ಚಿಯಲ್ಲಿ ಕೂತಾಗಲೆಲ್ಲ ಯಜಮಾನರಿಗೆ ಹಿಂದಿನ ಕೋಣೆಯ ಬಾಗಿಲು ಕಾಣಿಸಿ ಭಯವಾಗುತ್ತಿತ್ತು. ಉಳಿದದ್ದು ಒಂದೇ ದಾರಿ. ಆ ಮಹಾನುಭಾವ ಒಮ್ಮೆ ಅಂಗಡಿಗೆ ಕಾಲಿಟ್ಟರೆ ಸಾಕು! ಗಟ್ಟಿ ದಿಂಬುಗಳನ್ನು ಆತನೊಬ್ಬನೇ ಸಾರಾಸಗಟಾಗಿ ಕೊಂಡಾನು. ಟೂಲಿನಲ್ಲಿ ನಿಷ್ಠ ವೀಕ್ಷಕರಿಗೆ ಮಾತ್ರ ಆಹ್ವಾನ ಕಳಿಸುವ ಸೌಲಭ್ಯವಿತ್ತು. ಯಜಮಾನರು ಕೂತು, ಹೊಡೆದು ಹಾಕಿ, ತಿದ್ದಿ ಬರೆದರು: "ಪ್ರಿಯ ಮಹಾನುಭಾವರೇ, ಈ ದಿನ ಸಂಜೆ ನಾಲ್ಕಕ್ಕೆ ನಮ್ಮ ಅಂಗಡಿಗೆ ದಯಮಾಡಿಸಿ. ತಮ್ಮನ್ನು ಕಣ್ಣಾರೆ ಕಾಣುವ ಆಸೆ. ತಮ್ಮ ಮಂಡಿಗೆ ಶೀಘ್ರ ಗುಣವಾಗಲಿ."

ಸಂಜೆಗೆ ಅಂಗಡಿ ಗುಡಿಸಿ, ಹೂಗುಚ್ಛ ತರಿಸಿ, ಬಾಗಿಲಲ್ಲಿ ಹೊಸ ಕಾಲೊರಸು ಹಾಸಿದ್ದಾಯಿತು. ಭಾವಮೈದ ಫೋಟೊ ತೆಗೆಯಲು ಬಂದಿದ್ದ. ಏನೋ ನಡೆಯುತ್ತಿದೆ ಎಂಬ ವಾಸನೆ ಹಿಡಿದು ಕ್ಷೌರದವನೂ ಬಾಚಣಿಗೆ ಕಿವಿಗೆ ಸಿಕ್ಕಿಸಿಕೊಂಡು ಬಂದು ನಿಂತ. ಹೆಂಡತಿ ತನ್ನ ಜಾಗದಲ್ಲೇ ಕೂತಿದ್ದಳು. ಯಜಮಾನರು ಉಸಿರು ಬಿಗಿಹಿಡಿದು ಆಹ್ವಾನದ ಗುಂಡಿ ಒತ್ತಿದರು.

ಟಿಣ್ ಎಂದಿತು ಅವರದೇ ಫೋನು.

"ಥತ್! ಇಂಥಾ ಹೊತ್ತಲ್ಲೇ ಯಾವನೋ ಅಂಗಡಿಯವನು ಜಾಹೀರಾತು ಕಳಿಸ್ತಾನೆ" ಎಂದು ಗೊಣಗಿ, ನೋಡದೆಯೇ ಬೆರಳಿನಿಂದ ಒರೆಸಿ ಹಾಕಿದರು. ಎಲ್ಲರೂ ಬೀದಿಯತ್ತ ನೋಡುತ್ತ ನಿಂತರು. ನಾಲ್ಕಾಯಿತು. ನಾಲ್ಕೂವರೆಯಾಯಿತು. ಟೂಲು ಬಾಯಿಬಿಟ್ಟಿತು.

"ಶೋಕವಾರ್ತೆ, ಬಳಕೆದಾರನೇ! ಪರಮನಿಷ್ಠ ವೀಕ್ಷಕನು ನಿನ್ನ ಆಹ್ವಾನವನ್ನು ಓದದೆ ಅಳಿಸಿದ್ದಾನೆ."

ಯಜಮಾನರು ಕುಸಿದು ಕುರ್ಚಿಯಲ್ಲಿ ಕೂತರು. ದುಃಖವೂ ಸಿಟ್ಟೂ ಒಟ್ಟಿಗೇ ಉಕ್ಕಿದವು. "ನಾನು ಅವರಿಗೋಸ್ಕರ ಬೆಳಗಿನ ವ್ಯಾಪಾರ ಬಿಟ್ಟೆ. ಇದ್ದಬದ್ದ ಹತ್ತೀನೆಲ್ಲ ಗಟ್ಟಿ ಮಾಡಿದೆ. ಓದೋಕೂ ಆಗಲಿಲ್ವಾ ಆ ಮನುಷ್ಯನಿಗೆ? ಇಂಥಾ ಕೃತಘ್ನನ್ನ ನಾನು ಜನ್ಮದಲ್ಲಿ ನೋಡಿಲ್ಲ!"

"ನಾನು ನೋಡಿದ್ದೀನಿ" ಎಂದಳು ಹೆಂಡತಿ. "ದಿನಾ ನೋಡ್ತೀನಿ. ಇನ್ನೊಂದ್ಸಲ ಕಳಿಸಿ. ಈ ಸಲ ನಿಮ್ಮ ಫೋನ್ ಸದ್ದು ಮಾಡಿದ್ರೆ ಒರೆಸಬೇಡಿ. ಓದಿ."

ಕಳಿಸಿದರು. ಟಿಣ್ ಎಂದಿತು. ಓದಿದರು. "ಪ್ರಿಯ ಮಹಾನುಭಾವರೇ... ತಮ್ಮ ಮಂಡಿಗೆ ಶೀಘ್ರ..."

"ಇದು ನಂಗ್ಯಾಕೆ ಬಂತು?" ಎಂದು ಯಜಮಾನರು ಎಲ್ಲರ ಮುಖವನ್ನೂ ನೋಡಿದರು. "ತಪ್ಪಿ ಬಂದಿದೆಯಾ? ಅವರ ಫೋನು, ನನ್ನ ಫೋನು... ಒಂದೇ ಕಂಪನೀದಿರಬೇಕು."

ಕ್ಷೌರದವನು ಮೃದುವಾಗಿ, "ಯಜಮಾನ್ರೇ, ಆ ಮಹಾನುಭಾವರಿಗೆ ವಯಸ್ಸೆಷ್ಟು ಅಂದ್ರಿ?" ಎಂದ.

"ಐವತ್ತರ ಮೇಲೆ."

"ಮನೆ?"

"ಇಲ್ಲೇ ಆಸುಪಾಸು."

"ಕೂದಲಿಗೆ ಎಣ್ಣೆ ಗಿಣ್ಣೆ?"

ಯಜಮಾನರ ಕೈ ತಾನಾಗಿಯೇ ನೆತ್ತಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಬಾಯಿ ತೆರೆದುಕೊಂಡಿತು. ಕ್ಷೀಣ ದನಿಯೊಂದು ಹೊರಬಿತ್ತು.

"ಹಾಗಾದ್ರೆ... ಆ ಮಹಾನುಭಾವರ ಅನಾರೋಗ್ಯ..."

"ನಿಮ್ಮ ದವಡೆಹಲ್ಲು" ಎಂದಳು ಹೆಂಡತಿ. "ಗಂಜಿ ಮಾಡಿ ಕೊಟ್ಟವಳು ನಾನು."

ಭಾವಮೈದನಿಗೆ ಆಗಲೇ ಯಾವುದೋ ತುರ್ತು ವಿಮೆಯ ನೆನಪಾಗಿತ್ತು. ಹೂಗುಚ್ಛವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಯಜಮಾನರು ಅದನ್ನು ಹೆಂಡತಿಯ ಕೈಗಿಟ್ಟು, ಕುರ್ಚಿಯಿಂದ ಎದ್ದರು. ಹಿಂದಿನ ಕೋಣೆಗೆ ಹೋಗುವ ಮುಂಚೆ ಕುರ್ಚಿಯನ್ನೊಮ್ಮೆ ತಾವೇ ಕೈಯಿಂದ ತಿರುಗಿಸಿದರು. ಮನಸ್ಸಿಗೆ ನಿಜಕ್ಕೂ ನೋವಾಗಿತ್ತು. ಕುರ್ಚಿ ಹೋದದ್ದಕ್ಕಿಂತ, ತಮ್ಮ ಮಾತನ್ನು ಕೊನೆತನಕ ಕೇಳುವ ಒಬ್ಬನಿದ್ದ, ಅವನೂ ಇಲ್ಲವಾದನಲ್ಲ ಎಂಬ ನೋವು.

ಮರುದಿನದಿಂದ ಅಂಗಡಿಯ ಬಾಗಿಲು ಬೆಳಿಗ್ಗೆಯೇ ತೆರೆಯಿತು. ಗಲ್ಲಾದಲ್ಲಿ ಹೆಂಡತಿ. ಬಾಗಿಲಿಗೆ ಅಂಟಿಸಿದ್ದ ಬೌನ್ಸಿನ ಕಾಗದ ಕಸದ ಬುಟ್ಟಿ ಸೇರಿತು. ಹಿಂದಿನ ಕೋಣೆಯಲ್ಲಿ ಯಜಮಾನರು, ಫೋನನ್ನು ಹೆಂಡತಿಗೆ ಒಪ್ಪಿಸಿ, ತಾವೇ ತುರುಕಿದ ಹತ್ತಿಯನ್ನು ತಾವೇ ಕಿತ್ತು ಹಿಂಜುತ್ತ, ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಸೀನುತ್ತಿದ್ದರು. ಮೆತ್ತನೆಯ ದಿಂಬು ಬಂದಿದೆಯಂತೆ ಎಂಬ ಸುದ್ದಿ ಹಬ್ಬಿ, ಬಿಟ್ಟುಹೋಗಿದ್ದ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಮರಳಿದರು. ಒತ್ತಿ ನೋಡುವವರು, ಕೆನ್ನೆಗಿಟ್ಟು ನೋಡುವವರು, ಮೂಸಿ ನೋಡುವವರಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಂಥ ಜಾತ್ರೆಯ ನಡುವೆ ಟೂಲು ಕೂಗಿಕೊಂಡಿತು. ಬಿಟ್ಟು ಹೋಗಬೇಡಿರೆಂದು ಅದು ಇನ್ನೊಂದು ವಾರವನ್ನು ಪುಕ್ಕಟೆ ಕೊಟ್ಟಿತ್ತು. ಹೆಂಡತಿ ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ವರದಿಯನ್ನು ಜೋರಾಗಿ ಓದಿದಳು: "ಎಚ್ಚರ, ಬಳಕೆದಾರನೇ! ಪರಮನಿಷ್ಠ ವೀಕ್ಷಕನು ನಿನ್ನನ್ನು ತೊರೆದಿದ್ದಾನೆ. ನಿನ್ನ ವ್ಯಾಪಾರ ಮಹಾ ಅಪಾಯದಲ್ಲಿದೆ!"

ಹಿಂದಿನ ಬಾಗಿಲ ಸಂದಿಯಿಂದ ಹತ್ತಿ ಮೆತ್ತಿದ ಒಂದು ಮುಖ ಇಣುಕಿತು. ಅದರಲ್ಲಿ ಆಸೆ ಮೊಳೆತಿತ್ತು.

"ಕೇಳಿಸ್ಕೊಂಡ್ಯಾ? ಅವರಿಲ್ಲ ಅಂದ್ರೆ ವ್ಯಾಪಾರಕ್ಕೆ ಅಪಾಯ ಅಂತೆ! ನಾನು ಸ್ವಲ್ಪ ಹೊತ್ತು ಆ ಕಡೆ ಬರ್ಲೇನೇ?"

ಹೆಂಡತಿ ತುಂಬಿದ ಅಂಗಡಿಯನ್ನೊಮ್ಮೆ ನೋಡಿದಳು. ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದಳು.

"ಅವರು ಬಿಟ್ಟು ಹೋದ್ರು ಅಂತಾನೇ ರೀ ಇಷ್ಟು ಜನ ಬಂದಿರೋದು. ಹಿಂಜಿ!"